ಹಾಕೋಕೆ ಎಲ್ರೂ ಇದಾರೆ, ತೆಗೆಯೋಕೆ?

ಓದುಗರೊಬ್ಬರು ಬರೆದಿದಾರೆ: ಮೂರು ವರ್ಷದ ಹಿಂದೆ ತೋಳಿಗೆ ಗರ್ಭನಿರೋಧಕ ಇಂಪ್ಲಾಂಟ್ ಹಾಕಿಸ್ಕೊಂಡೆ, ಈಗ ಎಷ್ಟು ಸವರಿದ್ರೂ ಕಡ್ಡಿ ಕೈಗೆ ಸಿಗ್ತಿಲ್ಲ, ಡಾಕ್ಟರು ಅರ್ಧ ಗಂಟೆ ಕೊಯ್ದು ಹುಡುಕಿ ಕೊನೆಗೆ 'ಕರಗಿ ಹೋಗಿರ್ಬೇಕು ಬಿಡಿ' ಅಂದ್ರು, ಮತ್ತೆ ಹೋಗ್ಲಾ, ಇಲ್ಲಾ ನಾನೇ ಅತಿ ಮಾಡ್ತಿದೀನಾ?

ಅತಿ ಏನೂ ಅಲ್ಲ ತಂಗಿ. ಆ ಕಡ್ಡಿ ಕರಗೋ ವಸ್ತುವೇ ಅಲ್ಲ. ಡಾಕ್ಟರ ಕಷ್ಟನೂ ಇದೆ, ಒಪ್ತೀನಿ, ಉದ್ದ 4 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್, ಚರ್ಮದ ಕೆಳಗೇ ಇರ್ಬೇಕಾದ್ದು ಸ್ನಾಯುವಿನೊಳಗೆ ಇಳಿದ್ರೆ ಬೆರಳಿಗೆ ಸಿಗಲ್ಲ. ಆದ್ರೆ ಸಿಗ್ತಿಲ್ಲ ಅಂತ ಗೊತ್ತಾದ್ಮೇಲೂ ಬ್ಲೇಡ್ ಹಿಡಿದಿದ್ದು ಯಾಕೆ? ತೋಳಿನ ಒಳಭಾಗದಲ್ಲಿ ದೊಡ್ಡ ರಕ್ತನಾಳ, ಕಿರುಬೆರಳ ತನಕ ಹೋಗೋ ನರ ಎಲ್ಲಾ ಅಲ್ಲೇ ಪಕ್ಕದಲ್ಲಿ ಇರ್ತವೆ. ಎಲ್ಲಿದೆ ಅಂತ ಗೊತ್ತಿಲ್ದೆ ಕೊಯ್ಯಲೇಬಾರದು.

ನಮ್ಮ ಅತ್ತಿಗೆಗೂ ಹೀಗೇ ಆಗಿತ್ತು, ಒಂದು ಕಡೆ ಎರಡು ಸಲ ಕೊಯ್ಸ್ಕೊಂಡು ಬರೀ ಗಾಯ ಹೊತ್ಕೊಂಡು ಬಂದ್ರು. ಇನ್ನೊಂದು ಕಡೆ ಹೋದ್ರೆ ಆ ಡಾಕ್ಟರು ಅಲ್ಟ್ರಾಸೌಂಡ್ ಸ್ಕ್ಯಾನಲ್ಲಿ ಹೊಟ್ಟೆ ನೋಡೋಕೆ ಮೈಮೇಲೆ ಆಡಿಸೋ ಪ್ರೋಬ್ ಬಿಟ್ಟು, ಚರ್ಮದ ಹತ್ತಿರದ್ದನ್ನ ಸ್ಪಷ್ಟವಾಗಿ ತೋರ್ಸೋ ಹೈ ಫ್ರೀಕ್ವೆನ್ಸಿ ಪ್ರೋಬ್ ಹಿಡಿದು ತೋಳಿಗೆ ಅಡ್ಡಡ್ಡ ಆಡಿಸಿದ್ರು. ಪರದೆ ಮೇಲೆ ಬಿಳಿ ಚುಕ್ಕಿ, ಅದರ ಕೆಳಗೆ ಗೆರೆ ಎಳೆದ ಹಾಗೆ ಕಪ್ಪು ನೆರಳು, ಅದೇ ಕಡ್ಡಿ! ಎರಡೂ ತುದಿಗೆ ಪೆನ್ನಲ್ಲಿ ಗುರುತು ಹಾಕ್ಕೊಂಡು ಆಮೇಲೆ ಮರಗಟ್ಟಿಸಿ ಪುಟ್ಟದಾಗಿ ಕೊಯ್ದು ತೆಗೆದ್ರು.

ನಿಮ್ಮದು ನೆಕ್ಸ್‌ಪ್ಲಾನಾನ್ ಅನ್ನೋ ಬ್ರ್ಯಾಂಡಿನ ಕಡ್ಡಿ ಆದ್ರೆ ಅದರಲ್ಲಿ ಬೇರಿಯಂ ಇರೋದ್ರಿಂದ ಎಕ್ಸ್‌ರೇಲೂ ಕಾಣ್ಸತ್ತೆ, ಹಳೇ ಇಂಪ್ಲಾನಾನ್ ಕಾಣಲ್ಲ. ತೋಳಲ್ಲೆಲ್ಲೂ ಕಾಣ್ಲಿಲ್ಲ ಅಂದ್ರೆ ಎದೆಯ ಎಕ್ಸ್‌ರೇನೂ ತೆಗೀತಾರೆ, ಅಪರೂಪಕ್ಕೆ ರಕ್ತನಾಳದಲ್ಲಿ ಸರಿದು ಶ್ವಾಸಕೋಶದ ಕಡೆ ಹೋಗಿದ್ದೂ ಉಂಟು. ಆಗ್ಲೂ ಸಿಗ್ದಿದ್ರೆ ರಕ್ತದಲ್ಲಿ ಆ ಕಡ್ಡಿ ಬಿಡೋ ಹಾರ್ಮೋನ್ ಇದೆಯಾ ಅಂತ ಟೆಸ್ಟ್ ಇದೆ, ಯಾಕಂದ್ರೆ ಕೆಲವೊಮ್ಮೆ ಕಡ್ಡಿ ಒಳಗೆ ಹೋಗೇ ಇರಲ್ಲ. ಅದಕ್ಕೇ ಇದು ತೀರ್ಮಾನ ಆಗೋ ತನಕ ಗರ್ಭ ಬೇಡ ಅಂದ್ರೆ ಬೇರೆ ಗರ್ಭನಿರೋಧಕ ಬಳಸಿ.

ಒಂದು ಮಾತಿಗೆ ಸ್ವಲ್ಪ ಬೈತೀನಿ, ಹಾಕಿದ ದಿನವೇ ಡಾಕ್ಟರೂ ನೀವೂ ಇಬ್ರೂ ಬೆರಳಲ್ಲಿ ಮುಟ್ಟಿ ನೋಡ್ಬೇಕಿತ್ತು. ಯಾರೂ ಹೇಳ್ಲಿಲ್ಲ ಅಂತೀರಿ, ಅದೇ ನನ್ನ ಸಿಟ್ಟು. 1990ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ನಾರ್‌ಪ್ಲಾಂಟ್ ಅನ್ನೋ ಹಳೇ ಇಂಪ್ಲಾಂಟಲ್ಲಿ ಆರು ಕೊಳವೆ, ತೆಗೆಯೋಕೆ ಪಟ್ಟ ಪಾಡಿಗೆ ಹೆಂಗಸ್ರು ಕೋರ್ಟಿಗೇ ಹೋದ್ರು. ಈಗ ಒಂದೇ ಕಡ್ಡಿ, ಬುದ್ಧಿ ಮಾತ್ರ ಹಳೇದೇ. ಎಷ್ಟು ಹಾಕಿದ್ವಿ ಅಂತ ಹೆಮ್ಮೆಯಿಂದ ಹೇಳೋರು ಬೇಡ ಅಂತ ಬಂದವಳನ್ನ ಅಲೆದಾಡಿಸ್ತಾರೆ, ಹೆಣ್ಣುಮಕ್ಳ ನೋವಿಗೆ 'ಬಿಡಿ' ಅನ್ನೋದು ಎಷ್ಟು ಸುಲಭ ನೋಡಿ.

ಮತ್ತೆ ಹೋಗಿ ತಂಗಿ, ಆದ್ರೆ ಆ ಡಾಕ್ಟರ ಹತ್ರ ಅಲ್ಲ, ಆಳಕ್ಕೆ ಇಳಿದ ಕಡ್ಡಿ ತೆಗೆದು ಅಭ್ಯಾಸ ಇರೋರ ಹತ್ರ. ಸ್ಕ್ಯಾನಲ್ಲಿ ಆ ಬಿಳಿ ಚುಕ್ಕಿ ನೀವೂ ನೋಡೋ ತನಕ ಕೊಯ್ಯೋಕೆ ಬಿಡ್ಬೇಡಿ.