ದಪ್ಪ ಪಿನ್ನು, ಸಣ್ಣ ತೂತು

ಪ್ರಶ್ನೆ: ನಮ್ಮದು ಮಲ್ಪೆ ಹತ್ರ ಹಳೇ ಹಂಚಿನ ಮನೆ. ಹೊಸ ಗೀಸರ್ ತಂದ್ವಿ, ಪ್ಲಗ್ಗು ಬಾತ್‌ರೂಮ್ ಹೊರಗಿನ ಸಾಕೆಟ್‌ಗೆ ಹೋಗ್ತಾನೇ ಇಲ್ಲ. ಅಂಗಡಿಯವರು ಕನ್ವರ್ಟರ್ ಹಾಕಿ ಸಾಕು ಅಂದ್ರು. ಹಾಕ್ಬಹುದಾ?

ಉತ್ತರ: ಬೇಡ ಮಾರಾಯ್ರೆ. ನಿಮ್ಮಲ್ಲಿರೋದು 6 ಆಂಪ್ ಸಾಕೆಟ್, ಅದು ಫ್ಯಾನು, ಟಿವಿ, ಮೊಬೈಲ್ ಚಾರ್ಜರಿಗೆ ಲಾಯ್ಕ, ಗೀಸರ್ 2000 ವ್ಯಾಟ್ ಆದ್ರೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೀತದೆ, ಕನ್ವರ್ಟರ್ ಹಾಕಿದ್ರೆ ಪಿನ್ನು ಒಳಗೆ ಹೋಗ್ತದೆ ಅಷ್ಟೇ, ಹಿಂದಿನ ವಯರ್ ದಪ್ಪ ಆಗ್ತದಾ? ಮೊದಲು ಪ್ಲಾಸ್ಟಿಕ್ ಸುಟ್ಟ ವಾಸನೆ, ಆಮೇಲೆ ತೂತಿನ ಸುತ್ತ ಕಂದು ಕಲೆ, ಅದನ್ನು ನಮ್ಮನೇಲೇ ನೋಡಿದ್ದೇನೆ.

16 ಆಂಪ್ ಸಾಕೆಟ್ ಹಾಕಿಸಿ, ಆದ್ರೆ ಬರೀ ಸಾಕೆಟ್ ಬದಲಿಸಿದ್ರೆ ಪ್ರಯೋಜನ ಇಲ್ಲ, ಬೋರ್ಡಿಂದ ಬೇರೆಯೇ ದಪ್ಪ ವಯರ್ ಎಳೀಬೇಕು, 4 ಸ್ಕ್ವೇರ್ ಎಂಎಂ ತಾಮ್ರದ್ದು ಒಳ್ಳೇದು, ಜೊತೆಗೆ ಅದಕ್ಕೇ ಒಂದು ಎಂಸಿಬಿ, ಅಂದ್ರೆ ಕರೆಂಟ್ ಹೆಚ್ಚು ಹರಿದ್ರೆ ತಾನೇ ಆಫ್ ಆಗುವ ಸ್ವಿಚ್ಚು.

ಸಾಕೆಟ್‌ನ ಮೇಲಿನ ದೊಡ್ಡ ತೂತು ಅರ್ತಿಂಗ್, ಅಂದ್ರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ. ಆ ಪಿನ್ನು ಉದ್ದ ಯಾಕೆ ಅಂದ್ರೆ ಪ್ಲಗ್ ಹಾಕುವಾಗ ಮೊದಲು ಅದೇ ತಾಗ್ಬೇಕು, ತೆಗೆಯುವಾಗ ಕೊನೆಗೆ ಬಿಡ್ಬೇಕು. ಕೆಲವರು ಪೆನ್ನಿನ ಕಡ್ಡಿ ತುರುಕಿ ಎರಡು ಪಿನ್ನಿನದ್ದು ಹಾಕ್ತಾರೆ, ಎಂತ ಧೈರ್ಯವೋ! ಹಳೇ ಮನೆ ಅಂತೀರಿ, ಆ ತೂತಿನ ಹಿಂದೆ ವಯರ್ ಉಂಟಾ ಅಂತಲೇ ಎಲೆಕ್ಟ್ರಿಷಿಯನ್ ಹತ್ರ ನೋಡಿಸಿ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗ್ತದಲ್ಲ, ಅರ್ತ್ ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು, 30 ಮಿಲಿಆಂಪಿನ ಆರ್‌ಸಿಸಿಬಿ, ಇಲ್ಲದಿದ್ರೆ ಅದನ್ನೂ ಈಗಲೇ ಹಾಕಿಸಿಬಿಡಿ.