ಎರಿ ಮಣ್ಣಲ್ಲಿ ಕಡ್ಡಿ ಕೊಳೆಯುವುದು ಯಾಕೆ?

ಪ್ರಶ್ನೆ: ನಾವು ವಿಜಯಪುರದವರು. ಮಳೆಗಾಲದಲ್ಲಿ ಗುಲಾಬಿ, ದಾಸವಾಳದ ಕಡ್ಡಿಗಳನ್ನು ಕುಂಡದಲ್ಲಿ ನೆಟ್ಟಿದ್ದೆ. ಹೊಲದ ಎರಿ ಮಣ್ಣಿಗೆ (ಜಿಗುಟು ಕಪ್ಪು ಮಣ್ಣು) ಸೆಗಣಿ ಗೊಬ್ಬರ ಬೆರೆಸಿದ್ದೆ. ಹತ್ತು ದಿನಕ್ಕೆ ಬುಡ ಕಪ್ಪಾಗಿ ಕೊಳೆತವು. ಮುಂದಿನ ಸಲ ಎರಡು ಬೊಗಸೆ ಉಸುಕು ಸೇರಿಸಿ, ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದೆ. ಆಗಲೂ ಅದೇ ಕಥೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಕಡ್ಡಿ ನೆಡುವ ಕುಂಡಕ್ಕೆ ಎರಿ ಮಣ್ಣು ಬೇಡವೇ ಬೇಡ. ಒಂದು ಬೊಗಸೆಯೂ ಬೇಡ.

ಹಾಗಂತ ಅದು ಕೆಟ್ಟ ಮಣ್ಣಲ್ಲ. ಡೋಣಿ ಹೊಳೆ ಸಾಲಿನ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ಒಳಗಿನ ಹಸಿಯಲ್ಲೇ ತೆನೆ ಕಟ್ಟುವುದು ಈ ಮಣ್ಣಿನ ಗುಣದಿಂದಲೇ. ಅದರ ಕಣ ತುಂಬ ಸಣ್ಣ. ನೀರು ಕುಡಿದು ಉಬ್ಬುತ್ತದೆ, ಬೇಗ ಬಿಟ್ಟುಕೊಡುವುದಿಲ್ಲ. ಜೋಳಕ್ಕೆ ಬೇರಿದೆ, ಆ ನೀರನ್ನು ಎಳೆದುಕೊಳ್ಳುತ್ತದೆ. ಕಡ್ಡಿಗೆ ಇನ್ನೂ ಬೇರೇ ಇಲ್ಲ, ಅಲ್ವಾ? ಕತ್ತರಿಸಿದ ಜಾಗದಲ್ಲಿ ಹೊಸ ಬೇರು ಒಡೆಯಬೇಕಾದರೆ ಹಸಿಯ ಜೊತೆ ಗಾಳಿಯೂ ಬೇಕು. ಕೊಳೆತ ಕಡ್ಡಿ ಕಿತ್ತು ಬುಡ ಮೂಸಿ ನೋಡಿ. ಚರಂಡಿ ನಾತ ಬಂದರೆ ಒಳಗೆ ಗಾಳಿ ಆಡಿಲ್ಲ ಅಂತ ತಿಳಿಯಿರಿ.

ಎರಡು ಬೊಗಸೆ ಉಸುಕಿನಿಂದ ಏನೂ ಆಗುವುದಿಲ್ಲ. ಜಿಗುಟು ಮಣ್ಣು ಉಸುಕಿನ ಕಾಳುಗಳ ಸಂದಿಯನ್ನೆಲ್ಲ ತುಂಬಿಬಿಡುತ್ತದೆ. ಒಣಗಿದರೆ ಇಟ್ಟಿಗೆಯೇ.

ಜಲ್ಲಿಕಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಈ ತಪ್ಪು ಮನೆಮನೆಯಲ್ಲೂ ಇದೆ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಪೂರಾ ನೆನೆಸಿ, ಅಡ್ಡಡ್ಡ ಹಿಡಿಯಿರಿ. ಹನಿ ನಿಲ್ಲುವವರೆಗೆ ಕಾಯಿರಿ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಕುಂಡದಲ್ಲೂ ಇಷ್ಟೇ. ತಳದಲ್ಲಿ ಒಂದಷ್ಟು ಎತ್ತರದವರೆಗೆ ನೀರು ನಿಂತೇ ಇರುತ್ತದೆ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಜಲ್ಲಿಯ ಮೇಲಕ್ಕೆ ಬರುತ್ತದೆ, ಅಂದ್ರೆ ಕಡ್ಡಿಯ ಬುಡಕ್ಕೆ ಇನ್ನೂ ಹತ್ತಿರ. ಜಲ್ಲಿ ತೆಗೆದುಬಿಡಿ. ಅಗಲ ತಟ್ಟೆಗಿಂತ ಎತ್ತರದ ಕುಂಡ ಒಳ್ಳೆಯದು. ತಳದಲ್ಲಿ ನಾಲ್ಕೈದು ತೂತು ಇರಲಿ.

ಇನ್ನು ಮಿಶ್ರಣ. ಎರಡು ಮಗ್ ದಪ್ಪ ಉಸುಕು, ಒಂದು ಮಗ್ ಕೊಕೊಪೀಟ್ (ತೆಂಗಿನ ನಾರಿನ ಪುಡಿ). ಇಷ್ಟೇ. ಉಸುಕಿನ ಕಾಳು ಸಾಸಿವೆಯಿಂದ ಸಜ್ಜೆಯಷ್ಟು ಗಾತ್ರ ಇರಬೇಕು. ಹಿಟ್ಟಿನ ಸಾಣಿಗೆಯಲ್ಲಿ ಸೋಸಿ, ಕೆಳಗೆ ಬಿದ್ದ ಪುಡಿಯನ್ನು ಚೆಲ್ಲಿ, ಮೇಲುಳಿದದ್ದನ್ನು ತೊಳೆಯಿರಿ. ಬಕೆಟ್‌ನ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಬೇಸರವಾದರೂ ಇದನ್ನು ಬಿಡಬೇಡಿ. ಕೊಕೊಪೀಟ್‌ನಲ್ಲಿ ಉಪ್ಪು ಇರುತ್ತದೆ, ಅದನ್ನೂ ನೆನೆಸಿ ಎರಡು-ಮೂರು ಸಲ ಹಿಂಡಿ. ಪರ್ಲೈಟ್ (ನರ್ಸರಿಯವರು ಬಳಸುವ ಹಗುರ ಬಿಳಿ ಹರಳು) ಸಿಕ್ಕರೆ ಉಸುಕಿನ ಬದಲು ಅದನ್ನು ಕೊಕೊಪೀಟ್‌ಗೆ ಸಮಸಮ ಹಾಕಬಹುದು. ಖಾನಾಪುರ ಕಡೆಯವರಿಗೆ ಭತ್ತದ ಹೊಟ್ಟು ಸುಲಭವಾಗಿ ಸಿಗುತ್ತದೆ. ಅದನ್ನು ಕರಿಕಾಗುವವರೆಗೆ ಮಾತ್ರ ಸುಟ್ಟು, ನೀರಲ್ಲಿ ತೊಳೆದು ಬಳಸಿ. ಬಿಳಿ ಬೂದಿಯಾದರೆ ಉಪಯೋಗವಿಲ್ಲ.

ಸೆಗಣಿ ಗೊಬ್ಬರ ಈಗ ಬೇಡ. ಬೇರಿಲ್ಲದ ಕಡ್ಡಿ ಅದನ್ನು ಉಣ್ಣಲಾರದು. ಕೊಳೆಸುವ ಬೂಷ್ಟಿಗೆ ಮಾತ್ರ ಹಬ್ಬ.

ಒದ್ದೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ. ಒಂದೆರಡು ಹನಿ ಬಂದು, ಕೈ ಬಿಚ್ಚಿದಾಗ ಉಂಡೆ ತಾನೇ ಉದುರಬೇಕು. ಕುಂಡ ತುಂಬಿ ನೀರು ಹಾಕಿದರೆ ಮೇಲೆ ನಿಲ್ಲದೆ ಸರ್‍ರನೆ ಇಳಿಯಬೇಕು. ನಿಮ್ಮ ಬೋರ್ ನೀರು ಸವಳಾಗಿದ್ದರೆ ಮಳೆ ನೀರು ಹಿಡಿದಿಟ್ಟುಕೊಳ್ಳಿ.

ಇನ್ನೊಂದು ಮಾತು. ಚಿಗುರು ಬಂತು ಅಂತ ಕಡ್ಡಿ ಕಿತ್ತು ನೋಡಬೇಡಿ. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಎಲೆ ಒಡೆಯುತ್ತದೆ, ಬೇರು ಆಮೇಲೆ. ನಾಲ್ಕು ವಾರ ಬಿಟ್ಟು ಮೆಲ್ಲಗೆ ಎಳೆದು ನೋಡಿ. ಹಿಡಿದುಕೊಂಡ ಹಾಗೆ ಅನ್ನಿಸಿದರೆ ಇನ್ನೊಂದು ವಾರ ಕಾದು, ಮಸಾರಿ (ಕೆಂಪು) ಮಣ್ಣು, ಗೊಬ್ಬರದ ಕುಂಡಕ್ಕೆ ಬದಲಿಸಿ. ಗೊಬ್ಬರದ ಸರದಿ ಆಗ.

ಪ್ರಶ್ನೆ: ಬಾಗಲಕೋಟೆ ಹತ್ತಿರ ನಮ್ಮ ದಾಳಿಂಬೆ ತೋಟವಿದೆ. ಗಿಡಗಳ ಕಡ್ಡಿಯಿಂದಲೇ ಸಸಿ ಮಾಡಬೇಕೆಂದಿದ್ದೇನೆ. ಯಾವ ಮಣ್ಣು ಹಾಕಲಿ?

ಉತ್ತರ: ಮೇಲೆ ಹೇಳಿದ ಮಿಶ್ರಣವೇ ಸಾಕು. ಪೆನ್ಸಿಲ್ ದಪ್ಪದ, ಬಲಿತ, ಸುಮಾರು 20 ಸೆಂಟಿಮೀಟರ್ ಉದ್ದದ ಕಡ್ಡಿ ತೆಗೆದುಕೊಳ್ಳಿ. ಆದರೆ ಮಿಶ್ರಣಕ್ಕಿಂತ ತಾಯಿ ಗಿಡದ ಚಿಂತೆ ಜಾಸ್ತಿ ಮಾಡಿ. ತೋಟದಲ್ಲಿ ದುಂಡಾಣು ಅಂಗಮಾರಿ ಕಂಡಿದ್ದರೆ ಒಂದು ಕಡ್ಡಿಯನ್ನೂ ಕತ್ತರಿಸಬೇಡಿ. ಆ ರೋಗ ಕಡ್ಡಿಯ ಜೊತೆಗೇ ಹೊಸ ಸಸಿಗೆ ಬರುತ್ತದೆ. ಎಲೆಯ ಮೇಲೆ ನೀರು ನೆನೆದಂಥ ಚುಕ್ಕೆ, ಕಾಯಿಯ ಮೇಲೆ ಕಪ್ಪು ಕಲೆ ಒಡೆದು ಬಿರುಕು ಬಿಟ್ಟಿದ್ದು ಕಂಡರೆ, ಆ ಎಲೆ-ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಉದ್ಯಾನಗಿರಿಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ. ಕತ್ತರಿ ಆಮೇಲೆ ಹಿಡಿಯಿರಿ.