ಕಂಪ್ಯೂಟರ್ ಬಿಟ್ಟು ಏಳದ ಮಗ: ತಡೆಯಲೇ, ಕಲಿಸಲೇ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ನಾಲ್ಕು ವರ್ಷದವನಿದ್ದಾಗ ಆಟಿಸಂ ಇದೆ ಅಂತ ಗೊತ್ತಾಯಿತು. ಮಾತು ಕಡಿಮೆ, ಓದಲು ಬರೆಯಲು ಚೆನ್ನಾಗಿ ಬರುತ್ತದೆ. ರೈಲು ಅಂದರೆ ಪ್ರಾಣ. ಬೆಂಗಳೂರಿನಿಂದ ಹುಬ್ಬಳ್ಳಿವರೆಗಿನ ನಿಲ್ದಾಣಗಳೆಲ್ಲ ಬಾಯಿಪಾಠ. ಒಂದು ವರ್ಷದಿಂದ ಕಂಪ್ಯೂಟರ್ ಹಿಡಿದಿದ್ದಾನೆ. ಯಾರೂ ಹೇಳಿಕೊಡದೆ ಅವರಪ್ಪನ ಆಫೀಸ್ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್ ಎಲ್ಲ ಬದಲಾಯಿಸಿಟ್ಟ. ಆಫ್ ಮಾಡು ಅಂದರೆ ಕಿರುಚಿ ರಂಪ ಮಾಡುತ್ತಾನೆ. ಥೆರಪಿಸ್ಟ್ ಸ್ಕ್ರೀನ್ ಕಡಿಮೆ ಮಾಡಿ ಅಂತಾರೆ. ಕಂಪ್ಯೂಟರಿನಿಂದಲೇ ಮಗು ಮಾತು ಬಿಟ್ಟಿದ್ದು ಅಂತ ಅತ್ತೆ ಅಂತಾರೆ. ಮೈದುನ ಮಾತ್ರ, ‘ಅತ್ತಿಗೆ, ಇವನು ಜೀನಿಯಸ್, 45 ಸಾವಿರ ಕಟ್ಟಿ ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ಹಾಕಿ’ ಅಂತ ಗಂಟುಬಿದ್ದಿದ್ದಾನೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅತ್ತೆಯವರ ಮಾತನ್ನು ಮೊದಲು ತೆಗೆದು ಪಕ್ಕಕ್ಕಿಡೋಣ. ಆಟಿಸಂ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಕಂಪ್ಯೂಟರ್ ನೋಡಿ ಬರುವಂಥದ್ದಲ್ಲ. ನಿಮ್ಮ ಮಗನಿಗೆ ಅದು ಗೊತ್ತಾಗಿದ್ದು ನಾಲ್ಕನೇ ವಯಸ್ಸಿನಲ್ಲಿ, ಕಂಪ್ಯೂಟರ್ ಬಂದಿದ್ದು ಹತ್ತನೇ ವಯಸ್ಸಿನಲ್ಲಿ. ಲೆಕ್ಕ ಅಲ್ಲೇ ಮುಗಿಯಿತು. ಹಿರಿಯರ ಜೊತೆ ವಾದಕ್ಕೆ ಇಳಿಯಬೇಡಿ, ಅವರಿಗೂ ಒಂದು ಕೆಲಸ ಮುಂದೆ ಹೇಳುತ್ತೇವೆ.

ಥೆರಪಿಸ್ಟ್ ಹೇಳಿದ್ದನ್ನು ತಳ್ಳಿಹಾಕಬೇಡಿ. ಆದರೆ ‘ಸ್ಕ್ರೀನ್’ ಅಂದರೆ ಯಾವುದು ಎಂದು ಬಿಡಿಸಿ ಕೇಳಿ. ಒಂದೇ ವಿಡಿಯೊವನ್ನು ನಲವತ್ತು ಸಲ ಹಿಂದೆ ಮುಂದೆ ಓಡಿಸುವುದು ಒಂದು, ತಾನೇ ಏನಾದರೂ ಮಾಡಿ ಅದು ನಡೆಯಿತೇ ಎಂದು ಪರೀಕ್ಷಿಸುವುದು ಇನ್ನೊಂದು. ಮೊದಲನೆಯದನ್ನು ಕಡಿಮೆ ಮಾಡಿ, ಎರಡನೆಯದನ್ನು ಬೆಳೆಸಿ. ಇವೆರಡನ್ನೂ ಬೇರೆ ಮಾಡುವ ಸುಲಭ ದಾರಿ ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡಿಸುವುದು.

ಹಾಗಾಗಿ ಮೊದಲು ಯಂತ್ರ. ಅಪ್ಪನ ಆಫೀಸ್ ಲ್ಯಾಪ್‌ಟಾಪ್ ಇಂದಿನಿಂದಲೇ ಅವನ ಕೈಗೆ ಬೇಡ. ಅದು ಕಂಪನಿಯ ವಸ್ತು, ಅವನು ಕೆಡಿಸಿದರೆ ಬೈಗುಳ ನಿಮ್ಮವರಿಗೆ, ಪೆಟ್ಟು ಹುಡುಗನಿಗೆ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು: 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ (ಬೇಗ ತೆರೆಯುವ ಹೊಸ ಬಗೆಯ ಡಿಸ್ಕ್). ಹಳೆಯ ಹಾರ್ಡ್ ಡಿಸ್ಕ್ ಇರುವುದು ಬೇಡ, ತೆರೆಯಲು ಎರಡು ಮೂರು ನಿಮಿಷ ಕಾಯುವ ತಾಳ್ಮೆ ಈ ಮಕ್ಕಳಿಗೆ ಇರುವುದಿಲ್ಲ. ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ನೋಡಿ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಸರಿಯಾಗಿ ಒಗ್ಗುವುದಿಲ್ಲ, ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್‌ಗೆ ನಿಂತಿತು. ಅಂಗಡಿಯಲ್ಲೇ ಚಾರ್ಜರ್ ಕಿತ್ತು ಒಂದು ಗಂಟೆ ಓಡಿಸಿ ನೋಡಿ. ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದ ಕ್ಷಣ ಮಾಡಿದ್ದೆಲ್ಲ ಹೋಗುತ್ತದೆ, ಆಮೇಲಿನ ಗಲಾಟೆ ನಿಮಗೇ ಗೊತ್ತು.

ಮನೆಗೆ ತಂದ ಮೇಲೆ ಎರಡು ಅಕೌಂಟ್ ಮಾಡಿ. ಅಡ್ಮಿನಿಸ್ಟ್ರೇಟರ್ ಅಕೌಂಟಿನ ಪಾಸ್‌ವರ್ಡ್ ನಿಮ್ಮಿಬ್ಬರಿಗೆ ಮಾತ್ರ, ಅವನಿಗೆ ಸ್ಟ್ಯಾಂಡರ್ಡ್ ಯೂಸರ್. ಅವನು ಅಲ್ಲಿ ಬಣ್ಣ, ಐಕಾನ್, ಫೋಲ್ಡರ್ ಎಷ್ಟು ಬೇಕಾದರೂ ಬದಲಾಯಿಸಲಿ, ಸಿಸ್ಟಮ್ ಮುರಿಯಲಾರ. ಪಾಸ್‌ವರ್ಡ್ ಟೈಪ್ ಮಾಡುವಾಗ ಅವನು ಪಕ್ಕದಲ್ಲಿರಬಾರದು. ಬೆರಳು ನೋಡಿಯೇ ನೆನಪಿಟ್ಟುಕೊಳ್ಳುವ ಮಕ್ಕಳಿದ್ದಾರೆ.

ಇನ್ನು ರಂಪದ ವಿಷಯ. ಅದು ಹಟ ಅಂತ ತಿಳಿದರೆ ದಾರಿ ತಪ್ಪುತ್ತದೆ. ಅವನ ಗಮನ ಒಂದರಲ್ಲಿ ಪೂರ್ತಿ ಮುಳುಗಿರುತ್ತದೆ. ಅರ್ಧ ಆದ ಕೆಲಸದಿಂದ ಎಬ್ಬಿಸಿದಾಗ, ಅದು ಮತ್ತೆ ಸಿಗುತ್ತದೆ ಎಂಬ ಖಾತ್ರಿಯೂ ಅವನಿಗಿರುವುದಿಲ್ಲ. ಆದ್ದರಿಂದ ಆಫ್ ಮಾಡುವುದನ್ನೇ ಒಂದು ಪಾಠವಾಗಿ ಕಲಿಸಿ. ಶಾಲೆ ಇರುವ ದಿನ 45 ನಿಮಿಷ, ದಿನಾ ಒಂದೇ ಹೊತ್ತಿಗೆ. ‘ಇನ್ನು ಸ್ವಲ್ಪ ಹೊತ್ತು’ ಅನ್ನಬೇಡಿ, ‘5:45ಕ್ಕೆ’ ಅನ್ನಿ. ಹತ್ತು ನಿಮಿಷ ಮೊದಲು ಒಂದು ಚೀಟಿ ಕೀಬೋರ್ಡಿನ ಪಕ್ಕ ಇಡಿ. ಮುಳುಗಿದ್ದಾಗ ಮಾತು ಕಿವಿಗೆ ಬೀಳದಿದ್ದರೂ ಚೀಟಿ ಕಣ್ಣಿಗೆ ಬೀಳುತ್ತದೆ. ಐದು ನಿಮಿಷ ಇರುವಾಗ ಎರಡನೇ ಚೀಟಿ: ‘ಹೊಸದು ಶುರು ಮಾಡಬೇಡ. ಸೇವ್ ಮಾಡು.’ ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ‘ನಾಳೆ ಮಾಡುವುದು’ ಎಂದು ಒಂದು ಸಾಲು ಅವನೇ ಬರೆಯಲಿ. ಈ ಸಾಲನ್ನು ಎಂದೂ ತಪ್ಪಿಸಬೇಡಿ, ಏಳಲು ಧೈರ್ಯ ಕೊಡುವುದು ಅದೇ. ಎದ್ದ ಕೂಡಲೇ ಮಾಡಲು ಅವನಿಗೆ ಇಷ್ಟವಾದ ಬೇರೆ ಕೆಲಸ ಕಾದಿರಬೇಕು: ಮಂಡಕ್ಕಿ ತಿನ್ನುವುದೋ, ಟೆರೇಸಿನಲ್ಲಿ ಓಡುವುದೋ.

ಮೊದಲ ವಾರ ರಂಪ ಹೆಚ್ಚಾಗಬಹುದು. ಆಗ ಮನೆಯವರೆಲ್ಲ ಒಂದೇ ಮಾತಿಗೆ ನಿಲ್ಲಬೇಕು. ಒಂದು ದಿನ ಕಿರುಚಿದ್ದಕ್ಕೆ ಅಪ್ಪ ಹತ್ತು ನಿಮಿಷ ಹೆಚ್ಚು ಕೊಟ್ಟರೆ, ಕಿರುಚಿದರೆ ಹತ್ತು ನಿಮಿಷ ಎಂಬ ನಿಯಮ ಅವನಿಗೆ ಬಂತು. ಹಾಗೆಯೇ ‘ಊಟ ಮಾಡಿದರೆ ಕಂಪ್ಯೂಟರ್’, ‘ಹೊಡೆದರೆ ಕಂಪ್ಯೂಟರ್ ಇಲ್ಲ’ ಎರಡೂ ಬೇಡ. ಹೊತ್ತು ಖಾತ್ರಿ ಇಲ್ಲದಿದ್ದರೆ ಇಡೀ ದಿನ ಅದರ ಚಿಂತೆಯಲ್ಲೇ ಕಳೆಯುತ್ತಾನೆ.

ಏನು ಕಲಿಸಬೇಕು? ಸ್ಕ್ರ್ಯಾಚ್‌ನಿಂದ ಶುರು ಮಾಡಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2007ರಲ್ಲಿ ಮಕ್ಕಳಿಗಾಗಿ ಬಿಟ್ಟ ಪ್ರೋಗ್ರಾಮಿಂಗ್ ಭಾಷೆ, ಉಚಿತ. ಬಣ್ಣಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಕೂಡಿಸಿದರೆ ಪ್ರೋಗ್ರಾಂ. ಆಫ್‌ಲೈನ್ ಆ್ಯಪ್ ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಬೇಡ. ಒಂದೇ ತೊಂದರೆ, ಅದು ತಾನಾಗಿ ಸೇವ್ ಮಾಡಿಕೊಳ್ಳುವುದಿಲ್ಲ. ಅದಕ್ಕೇ ಆ ಎರಡನೇ ಚೀಟಿ.

ಪುಸ್ತಕದಲ್ಲಿರುವ ಬೆಕ್ಕಿನ ಆಟ ಮಾಡಿಸಬೇಡಿ, ಅವನ ರೈಲು ಮಾಡಿಸಿ. ‘ನಿಲ್ದಾಣ’ ಎಂಬ ಒಂದು ಲಿಸ್ಟ್. ಅದರಲ್ಲಿ ಬೆಂಗಳೂರು, ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ. ‘ಇಷ್ಟೇ ಅಲ್ಲ, ನಡುವೆ ಇನ್ನೂ ಇವೆ’ ಎಂದು ಅವನು ತಿದ್ದಿದರೆ ಸೇರಿಸಲಿ, ಅದೇ ಬೇಕಾಗಿರುವುದು. ಕನ್ನಡವನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆಮೇಲೆ ‘ಸ್ಥಾನ’ ಎಂಬ ವೇರಿಯಬಲ್, ಅಂದರೆ ಬದಲಾಗುವ ಸಂಖ್ಯೆಯನ್ನು ಇಟ್ಟುಕೊಳ್ಳುವ ಡಬ್ಬಿ. ಪ್ರೋಗ್ರಾಂ ಶುರುಮಾಡುವ ಹಸಿರು ಬಾವುಟ ಒತ್ತಿದಾಗ ಅದು 1 ಆಗಬೇಕು. ನಂತರ 12 ಸಲ: ಆ ಸ್ಥಾನದ ಊರಿನ ಹೆಸರನ್ನು ರೈಲು 2 ಸೆಕೆಂಡ್ ಹೇಳಬೇಕು, ಸ್ಥಾನ ಒಂದು ಹೆಚ್ಚಬೇಕು.

ಅವನು 12ರ ಬದಲು ‘ಸದಾ’ ನಡೆಯುವ ಬ್ಲಾಕ್ ಹಾಕುವ ಸಾಧ್ಯತೆ ಹೆಚ್ಚು. ಆಗ ಹುಬ್ಬಳ್ಳಿ ದಾಟಿದ ಮೇಲೆ ರೈಲು ಮೂಕವಾಗುತ್ತದೆ, ಯಾಕೆಂದರೆ 13ನೇ ಹೆಸರೇ ಇಲ್ಲ. ಕೂಡಲೇ ಸರಿಮಾಡಿ ಕೊಡಬೇಡಿ, ಕೈ ಮೌಸಿಗೆ ಹೋಗದಂತೆ ಕಟ್ಟಿಕೊಂಡು ಕೂತು ಕೇಳಿ: ‘ಸ್ಥಾನ ಈಗ ಎಷ್ಟು? ಲಿಸ್ಟ್‌ನಲ್ಲಿ ಎಷ್ಟು ಊರಿದೆ?’ ಸ್ಥಾನವು ಲಿಸ್ಟಿನ ಉದ್ದವನ್ನು ಮೀರಿದರೆ ಮತ್ತೆ 1 ಎಂಬ ಉತ್ತರ ತಾನೇ ಕಂಡುಹಿಡಿದರೆ, ಪ್ರೋಗ್ರಾಮಿಂಗ್‌ನ ದೊಡ್ಡ ಪಾಠ ಒಂದು ಅಲ್ಲಿಗೆ ಬಂತು.

ಅತ್ತೆಯವರ ಕೆಲಸ ಇಲ್ಲಿದೆ. ಸ್ಕ್ರ್ಯಾಚ್‌ನ ‘ಸೌಂಡ್ಸ್’ ಭಾಗದಲ್ಲಿ ದನಿ ರೆಕಾರ್ಡ್ ಮಾಡಬಹುದು. ‘ಮುಂದಿನ ನಿಲ್ದಾಣ ಬೀರೂರು’ ಎಂದು ಅಜ್ಜಿ ಅನೌನ್ಸ್ ಮಾಡಲಿ. ಅಜ್ಜಿಗೆ ಯಾವಾಗ, ಏನು ಹೇಳಬೇಕು ಎಂದು ಹೇಳಿಕೊಡುವವನು ಮೊಮ್ಮಗ. ಕೆಲವು ಊರು ಅವನ ದನಿಯಲ್ಲೂ ಇರಲಿ, ಬಲವಂತ ಬೇಡ. ಬ್ಲಾಕ್ ಆರಿಸುವಾಗ ದನಿ ಪೂರ್ತಿ ಮುಗಿಯುವ ತನಕ ಕಾಯುವ ಬ್ಲಾಕನ್ನೇ ಹಾಕಿ. ಬರೀ ಶುರುಮಾಡುವುದನ್ನು ಹಾಕಿದರೆ ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತದೆ, ಸದ್ದು ಸಹಿಸದ ಮಗುವಾದರೆ ಕಿವಿ ಮುಚ್ಚಿಕೊಂಡು ಎದ್ದುಹೋದೀತು.

ಆರು ತಿಂಗಳೋ ವರ್ಷವೋ ಕಳೆದು ಬ್ಲಾಕ್ ಸಾಲದು ಅನ್ನಿಸಿದಾಗ ಅಕ್ಷರಗಳಲ್ಲೇ ಟೈಪ್ ಮಾಡುವ ಪೈಥಾನ್ ಭಾಷೆ, ಅದಕ್ಕೆ ಥಾನಿ ಎಂಬ ಸರಳ ಉಚಿತ ಎಡಿಟರ್ ಇದೆ. ಅಲ್ಲಿ ಎಣಿಕೆ 1ರಿಂದ ಅಲ್ಲ, 0ಯಿಂದ. ಬೆಂಗಳೂರು ಸೊನ್ನೆಯನೇ ನಿಲ್ದಾಣ! ನಿಯಮ ಬದಲಾದರೆ ಕಂಗಾಲಾಗುವ ಹುಡುಗನಿಗೆ ಇದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ. ಕೆಂಪು ಅಕ್ಷರದಲ್ಲಿ ಬರುವ ಎರರ್ ಬೈಗುಳವಲ್ಲ, ಕೊನೆಯ ಸಾಲನ್ನು ಮೊದಲು ಓದಬೇಕು ಅಂತಲೂ.

ಮೈದುನನ 45 ಸಾವಿರ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಹತ್ತಾರು ಮಕ್ಕಳು ಒಟ್ಟಿಗೆ ಮಾತಾಡುವ ಆನ್‌ಲೈನ್ ಕ್ಲಾಸಿನಲ್ಲಿ, ಎಲ್ಲರಿಗೂ ಒಂದೇ ಪ್ರಾಜೆಕ್ಟ್ ಕೊಟ್ಟರೆ, ಇವನು ಎರಡನೇ ದಿನ ಕ್ಯಾಮೆರಾ ಆಫ್ ಮಾಡಿ ಏಳುತ್ತಾನೆ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವೇ? ತಾಳ್ಮೆಯಿರುವ ಒಬ್ಬ ವಿದ್ಯಾರ್ಥಿಯನ್ನೋ ವಿದ್ಯಾರ್ಥಿನಿಯನ್ನೋ ವಾರಕ್ಕೆ ಎರಡು ದಿನ ಮನೆಗೆ ಕರೆಸಿ, ತಿಂಗಳ ಲೆಕ್ಕದಲ್ಲಿ ಫೀ ಕೊಡಿ. ಪಾಠ ಹಾಲ್‌ನಲ್ಲೇ, ನಿಮ್ಮ ಕಣ್ಣೆದುರೇ ನಡೆಯಲಿ. ಬಂದವರಿಗೆ ಮೊದಲೇ ಹೇಳಿ: ಎದುರು ಕೂರದೆ ಪಕ್ಕದಲ್ಲಿ ಕೂರಬೇಕು, ‘ನನ್ನ ಮುಖ ನೋಡು’ ಅನ್ನಬಾರದು, ಒಂದು ಸಲಕ್ಕೆ ಒಂದೇ ಸೂಚನೆ, ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಬೇಕು. ಹತ್ತು ನಿಮಿಷ ಅವನ ಕೈಯಲ್ಲಿ ಮೌಸ್, ಹತ್ತು ನಿಮಿಷ ಅವರ ಕೈಯಲ್ಲಿ. ಅವರ ಸರದಿಯಲ್ಲಿ ಅವನು ಬಾಯಿಬಿಟ್ಟು ಹೇಳಲೇಬೇಕಾಗುತ್ತದೆ. ಥೆರಪಿಯಲ್ಲಿ ನೀವು ಬಯಸುವ ಮಾತುಕತೆ ಇಲ್ಲಿ ಬೇಡಿಕೆಯಿಲ್ಲದೇ ಬರುತ್ತದೆ. ಹಾಗೆಂದು ಥೆರಪಿ ನಿಲ್ಲಿಸಬೇಡಿ.

‘ಜೀನಿಯಸ್’ ಪದವನ್ನು ಅವನ ಮುಂದೆ ಆಡುವುದು ಬೇಡ. ಸೆಟ್ಟಿಂಗ್ಸ್ ಹುಡುಕುವುದು ಚುರುಕುತನ, ಅದು ಪ್ರೋಗ್ರಾಮಿಂಗ್ ಆಗಿ ಬೆಳೆಯಬಹುದು, ಚಿತ್ರ ಬಿಡಿಸುವುದಕ್ಕೋ ಯಂತ್ರ ಬಿಚ್ಚುವುದಕ್ಕೋ ತಿರುಗಬಹುದು. ಬಸ್ಸಿನಲ್ಲಿ ಟಿಕೆಟ್ ಕೇಳುವುದು, ಚಿಲ್ಲರೆ ಎಣಿಸುವುದು, ತನ್ನ ತಟ್ಟೆ ತೊಳೆಯುವುದು ಇವನ್ನೂ ಅದೇ ಚೀಟಿಯ ಕ್ರಮದಲ್ಲಿ ಕಲಿಸಿ. ಮುಂದೆ ಕೆಲಸಕ್ಕೆ ಸೇರಿದರೆ ಅವನಿಗೆ ಕಷ್ಟವಾಗುವುದು ಕೋಡ್‌ಗಿಂತ ಇಂಥವೇ.

ಶಾಲೆಗೆ ಒಂದು ಪತ್ರ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಮಗುವಿಗೆ ತಕ್ಕ ಅನುಕೂಲ ಮಾಡಿಕೊಡುವುದು ಶಾಲೆಯ ಹೊಣೆ. ‘ಸಹಾಯ ಮಾಡಿ’ ಎಂದು ಬರೆಯಬೇಡಿ. ‘ವಾರಕ್ಕೆ ಎರಡು ಪೀರಿಯಡ್ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೂರಲು ಬಿಡಿ’ ಎಂದು ಬರೆಯಿರಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲವಾದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಶೇ 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದರೆ ಮುಂದೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯದಂಥ ಅನುಕೂಲಕ್ಕೆ ಆಧಾರ ಅದೇ.

ಇಂಟರ್‌ನೆಟ್ ಕೊಡುವ ದಿನ ಬಂದೇ ಬರುತ್ತದೆ. ಹೇಳಿದ್ದನ್ನು ಹೇಳಿದ ಹಾಗೇ ನಂಬುವ ಮಗು ಮೋಸಗಾರರಿಗೆ ಸುಲಭದ ತುತ್ತು. ‘ಹುಷಾರಾಗಿರು’ ಎಂಬುದು ಅವನಿಗೆ ಅರ್ಥವಾಗದು. ‘ಒಟಿಪಿ ಯಾರಿಗೂ ಹೇಳುವುದಿಲ್ಲ. ಫೋಟೊ ಕಳಿಸುವುದಿಲ್ಲ. ಗುಟ್ಟಾಗಿಡು ಅಂದವರ ಹೆಸರನ್ನು ಅಮ್ಮನಿಗೆ ಹೇಳುತ್ತೇನೆ.’ ಹೀಗೆ ಮೂರು ಸಾಲು ಬರೆದಿಡಿ. ಹಣದ ಮೋಸವಾದರೆ 1930, ಮಗುವಿಗೆ ಯಾರಾದರೂ ತೊಂದರೆ ಕೊಟ್ಟರೆ 1098 ಸಹಾಯವಾಣಿಗೆ ಫೋನ್ ಮಾಡಿ.

ಮುಂದಿನ ಎರಡು ವಾರ ಅದೇ ನೋಟ್‌ಬುಕ್ಕಿನ ಹಿಂದಿನಿಂದ ನೀವು ಬರೆಯಿರಿ: ಎಷ್ಟು ಹೊತ್ತು ಕೂತ, ಏನು ಮಾಡಿದ, ಏಳುವಾಗ ಹೇಗಿದ್ದ, ರಾತ್ರಿ ಎಷ್ಟಕ್ಕೆ ಮಲಗಿದ. ಥೆರಪಿಸ್ಟ್‌ಗೆ ಅದನ್ನು ತೋರಿಸಿ, ಅವಧಿ ಹೆಚ್ಚಿಸಬೇಕೋ ಇಳಿಸಬೇಕೋ ಅವರೊಂದಿಗೆ ಕೂತು ನಿರ್ಧರಿಸಿ. ಇಷ್ಟೆಲ್ಲ ಮಾಡಿಯೂ ಏಳುವಾಗ ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ನಡೆದರೆ, ಅಥವಾ ನಿದ್ದೆ ಪೂರಾ ಕೆಟ್ಟರೆ, ತಡಮಾಡದೆ ಮಕ್ಕಳ ಮನೋವೈದ್ಯರನ್ನು ಕಾಣಿ. ನಿಮ್ಮ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ, ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ.